ಹಳೆಯ ಟ್ರ್ಯಾಕ್ಟರಿಗೆ ಹೊಸ ಕಿಡಿ

(ಚಂದ್ರಂಪಳ್ಳಿಯಲ್ಲಿ ರೈತರು ಹಾಗೂ ಐಟಿಐ ವಿದ್ಯಾರ್ಥಿಗಳ ಎದುರು ನಮ್ಮ ವರದಿಗಾರರು ಆಡಿದ ಮಾತಿನ ಬರಹ ರೂಪ)



ಇವತ್ತಿನ ವಿಷಯ ಮೇಲುನೋಟಕ್ಕೆ ಬಹಳ ಚಿಕ್ಕದು. ಪೆಟ್ರೋಲ್ ಅಥವಾ ಚಿಮಣಿ ಎಣ್ಣೆಯಲ್ಲಿ ಓಡುತ್ತಿದ್ದ ಹಳೆಯ ಕಾಲದ ಒಂದು ಟ್ರ್ಯಾಕ್ಟರ್ ನಿಮ್ಮ ಹಿತ್ತಲಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ಅದರ ಎಂಜಿನ್ನಿಗೆ ಹೊತ್ತುಹೊತ್ತಿಗೆ ಸರಿಯಾಗಿ ಕಿಡಿ ಒದಗಿಸುವುದು ತೊಗರಿ ಕಾಳಿನಷ್ಟಗಲದ ಎರಡು ಲೋಹದ ಬಿಲ್ಲೆಗಳು. ಅವು ಒಂದನ್ನೊಂದು ಮುಟ್ಟುತ್ತವೆ, ಬಿಡುತ್ತವೆ. ಬಿಟ್ಟಾಗಲೆಲ್ಲ ಒಂದು ಕಿಡಿ. ಮೆಕ್ಯಾನಿಕರು ಇದನ್ನು ಪಾಯಿಂಟ್ ಅಥವಾ ಸಿಬಿ ಪಾಯಿಂಟ್ ಎನ್ನುತ್ತಾರೆ. ಈ ಬಿಲ್ಲೆಗಳನ್ನು ತೆಗೆದು ಆ ಜಾಗದಲ್ಲಿ ಎಲೆಕ್ಟ್ರಾನಿಕ್ ಸಾಧನವೊಂದನ್ನು ಕೂರಿಸಬಹುದೇ? ಕೂರಿಸಿದರೆ ಲಾಭವೇನು, ನಷ್ಟವೇನು? ಪ್ರಶ್ನೆ ಇಷ್ಟೇ.

ಕೂರಿಸಬಹುದು. ಸರಿಯಾದ ಕಿಟ್ ಕೈಯಲ್ಲಿದ್ದರೆ ತಿಳಿದ ಮೆಕ್ಯಾನಿಕರಿಗೆ ಅರ್ಧ ದಿನದ ಕೆಲಸ. ಆದರೆ ಆ ಅರ್ಧ ದಿನದಲ್ಲಿ ಯಂತ್ರಕ್ಕೂ ಅದರ ಯಜಮಾನನಿಗೂ ನಡುವೆ ಇದ್ದ ಒಂದು ಸಂಬಂಧ ಬದಲಾಗುತ್ತದೆ. ಅದನ್ನು ತಿಳಿದುಕೊಂಡೇ ಕೈ ಹಾಕಬೇಕು ಎಂಬುದು ನನ್ನ ಮಾತಿನ ಸಾರ. ನಾನು ಎಂಜಿನಿಯರ್ ಅಲ್ಲ, ಪತ್ರಿಕೆಯ ವರದಿಗಾರ. ಓದಿ, ನೋಡಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಎರೆ ಹೊಲಗಳಲ್ಲಿ ಈಗ ಉಳುಮೆ ಮಾಡುತ್ತಿರುವ ಟ್ರ್ಯಾಕ್ಟರುಗಳೆಲ್ಲ ಡೀಸೆಲಿನವು. ಅವುಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಪಾಯಿಂಟೂ ಇರುವುದಿಲ್ಲ. ಡೀಸೆಲ್ ಎಂಜಿನ್ ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತಿ ಹಿಡಿಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೀವು ಬಲ್ಲಿರಿ. ಅದೇ ಕ್ರಿಯೆ ಎಂಜಿನ್ನಿನಲ್ಲಿ ಬಹಳ ಜೋರಾಗಿ ನಡೆಯುತ್ತದೆ. ಆ ಬಿಸಿ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ 'ನಮ್ಮ ಟ್ರ್ಯಾಕ್ಟರಿಗೂ ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿಸಬಹುದೇ' ಎಂದು ಡೀಸೆಲ್ ಟ್ರ್ಯಾಕ್ಟರಿನವರು ಕೇಳಿದರೆ, ಅಲ್ಲಿ ಹಾಕಲು ಜಾಗವೇ ಇಲ್ಲ ಎನ್ನಬೇಕಾಗುತ್ತದೆ.

ಪೆಟ್ರೋಲ್ ಮತ್ತು ಚಿಮಣಿ ಎಣ್ಣೆಯ ಎಂಜಿನ್ನಿನ ಕಥೆ ಬೇರೆ. ಅಲ್ಲಿ ಒತ್ತಡ ಕಡಿಮೆ. ಚಿಮಣಿ ಎಣ್ಣೆಯ ಟ್ರ್ಯಾಕ್ಟರುಗಳಲ್ಲಂತೂ ನಾಲ್ಕೈದು ಪಟ್ಟಿನಷ್ಟೇ. ಆ ಮಿಶ್ರಣ ತಾನಾಗಿ ಹೊತ್ತಿಕೊಳ್ಳದು, ಯಾರಾದರೂ ಕಿಡಿ ಕೊಡಬೇಕು. ಆ ಕಿಡಿಯನ್ನು ಯಾವಾಗ, ಎಷ್ಟು ಬಲವಾಗಿ ಕೊಡಬೇಕು ಎನ್ನುವುದೇ ಇಗ್ನಿಶನ್ ವ್ಯವಸ್ಥೆಯ ಕೆಲಸ.

ಇಂಥ ಟ್ರ್ಯಾಕ್ಟರುಗಳ ಕಾಲ ಯಾವುದು? ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1917ರಲ್ಲಿ ಹೊರತಂದ ಫೋರ್ಡ್‌ಸನ್, ಸಾಮಾನ್ಯ ರೈತನ ಕೈಗೆಟುಕುವ ಬೆಲೆಗೆ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಟ್ರ್ಯಾಕ್ಟರುಗಳಲ್ಲಿ ಒಂದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಅದನ್ನು ಚಿಮಣಿ ಎಣ್ಣೆಗೆ ಬದಲಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಿಂದ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹ್ಯಾರಿ ಫರ್ಗುಸನ್ನರ ಟಿಇ 20 ಎಂಬ ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರ್ ತಯಾರಾಯಿತು. ಹತ್ತು ವರ್ಷಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಹೊರಬಂದವು. ಮೊದಲು ಪೆಟ್ರೋಲ್, 1949ರಲ್ಲಿ ಚಿಮಣಿ ಎಣ್ಣೆಯ ಮಾದರಿ, 1951ರಲ್ಲಿ ಡೀಸೆಲ್. ಒಂದೇ ಟ್ರ್ಯಾಕ್ಟರಿನ ಈ ಮೂರು ಹೆಜ್ಜೆಗಳಲ್ಲಿ ಇಡೀ ಟ್ರ್ಯಾಕ್ಟರ್ ಲೋಕ ಯಾವ ಕಡೆಗೆ ಸಾಗಿತೆಂಬುದು ಗೊತ್ತಾಗುತ್ತದೆ.

ಆಗ ಭಾರತದಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತಿರಲಿಲ್ಲ. ಬಂದದ್ದೆಲ್ಲ ಹಡಗಿನಲ್ಲಿ. ಯುದ್ಧದ ನಂತರ ಅಮೆರಿಕದ ಸೈನ್ಯ ಬಿಟ್ಟುಹೋದ ಯಂತ್ರಗಳನ್ನು ಇಟ್ಟುಕೊಂಡು 1947ರಲ್ಲಿ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಕೆಲಸ ಆರಂಭಿಸಿತು. ಆಳಕ್ಕೆ ಬೇರಿಳಿಸಿದ ಕಾನ್ಸ್ ಹುಲ್ಲಿನಿಂದ ಪಾಳು ಬಿದ್ದಿದ್ದ ಮಧ್ಯ ಭಾರತದ ಕರಿ ನೆಲವನ್ನು ಮತ್ತೆ ಉಳುಮೆಗೆ ತರುವುದು ಅದರ ದೊಡ್ಡ ಕೆಲಸವಾಗಿತ್ತು. ಅದಕ್ಕೆ ಭಾರೀ ಟ್ರ್ಯಾಕ್ಟರುಗಳನ್ನು ಕೊಳ್ಳಲು 1949ರಲ್ಲಿ ವಿಶ್ವಬ್ಯಾಂಕ್ ಒಂದು ಕೋಟಿ ಡಾಲರ್ ಸಾಲ ಕೊಟ್ಟಿತು. ಎರೆ ಭೂಮಿಯಲ್ಲಿ ಬೇಸಿಗೆಯ ಆಳ ಉಳುಮೆ ಎಂದರೇನು, ಅದಕ್ಕೆ ಎಷ್ಟು ಜೋಡಿ ಎತ್ತು ಬೇಕು ಎಂಬುದನ್ನು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಕಂಪನಿ ದೇಶದ ಮೊದಲ ಟ್ರ್ಯಾಕ್ಟರನ್ನು ಹೊರತಂದಿತು. ಆಮೇಲೆ ಮದ್ರಾಸಿನ ಟಾಫೆ, ಮುಂಬೈಯ ಮಹೀಂದ್ರ, 1971ರಲ್ಲಿ ಪಿಂಜೋರಿನ ಎಚ್‌ಎಂಟಿ ಬಂದವು. ಇಲ್ಲಿ ತಯಾರಾಗಿ ಹಳ್ಳಿಹಳ್ಳಿಗೆ ಹೋದವು ಡೀಸೆಲ್ ಯಂತ್ರಗಳೇ. ಆದ್ದರಿಂದ ಕಿಡಿಯ ಟ್ರ್ಯಾಕ್ಟರ್ ನಮ್ಮಲ್ಲಿ ಅಪರೂಪ. ಹಳೆಯ ಜಮೀನ್ದಾರಿ ಮನೆಗಳಲ್ಲಿ, ಹಳೆಯ ವಾಹನಗಳನ್ನು ಪ್ರೀತಿಯಿಂದ ಇಟ್ಟುಕೊಂಡವರ ಬಳಿ, ಇಲ್ಲವೇ ಗುಜರಿ ಅಂಗಡಿಯ ಹಿಂದೆ ಅಲ್ಲೊಂದು ಇಲ್ಲೊಂದು ಸಿಗಬಹುದು.

ಟ್ರ್ಯಾಕ್ಟರ್ ಅಪರೂಪವಾದರೂ ಇಗ್ನಿಶನ್ನಿನ ಪ್ರಶ್ನೆ ಅಪರೂಪದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಕೊಟ್ಟಿತು. ಅವುಗಳಲ್ಲಿದ್ದುದೂ ಇದೇ ಪಾಯಿಂಟ್. ಇಂದಿಗೂ ಯೆಜ್ಡಿ ಇಟ್ಟುಕೊಂಡವರಲ್ಲಿ ಕೆಲವರು ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದ್ದಾರೆ, ಕೆಲವರು ಜಪ್ಪಯ್ಯ ಎಂದರೂ ಹಾಕಿಸುವುದಿಲ್ಲ. ಹಳೆಯ ಪೆಟ್ರೋಲ್ ಜೀಪು, ಅಂಬಾಸಿಡರ್ ಕಾರು, ಪೆಟ್ರೋಲಿನಲ್ಲಿ ಚಾಲೂ ಮಾಡಿ ಚಿಮಣಿ ಎಣ್ಣೆಗೆ ಬದಲಿಸುವ ನೀರೆತ್ತುವ ಎಂಜಿನ್, ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಕಿಡಿ ಹುಟ್ಟುವ ಬಗೆ

ಬ್ಯಾಟರಿಯಲ್ಲಿರುವುದು 6 ಅಥವಾ 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕಾದರೆ ಹತ್ತು ಸಾವಿರ ವೋಲ್ಟಿಗೂ ಹೆಚ್ಚು ಬೇಕು. ಇದು ಹೇಗೆ ಸಾಧ್ಯ?

ಬೋರ್‌ವೆಲ್ಲಿನ ನೀರು ಉದ್ದನೆಯ ಪೈಪಿನಲ್ಲಿ ಜೋರಾಗಿ ಹರಿಯುತ್ತಿರುವಾಗ ತುದಿಯ ವಾಲ್ವನ್ನು ತಟ್ಟನೆ ಮುಚ್ಚಿದರೆ ಏನಾಗುತ್ತದೆ? ಪೈಪ್ ಢಬ್ ಎಂದು ಹೊಡೆದುಕೊಳ್ಳುತ್ತದೆ. ಹರಿಯುತ್ತಿದ್ದ ನೀರಿಗೆ ಒಮ್ಮೆಲೇ ನಿಲ್ಲಲು ಆಗದು. ಅದರ ವೇಗವೆಲ್ಲ ಕ್ಷಣಮಾತ್ರದ ಒತ್ತಡವಾಗಿ ಪೈಪಿನ ಮೇಲೆ ಬೀಳುತ್ತದೆ. ಇಗ್ನಿಶನ್ ಕಾಯಿಲಿನಲ್ಲಿ ನಡೆಯುವುದೂ ಇದನ್ನು ಹೋಲುತ್ತದೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲಿನ ದಪ್ಪ ತಂತಿಯಲ್ಲಿ ಕರೆಂಟ್ ಹರಿಯುತ್ತದೆ. ಪಾಯಿಂಟ್ ತೆರೆದೊಡನೆ ಆ ಹರಿವು ಕಡಿಯುತ್ತದೆ. ಕಾಯಿಲಿನ ಒಳಗೆ ತುಂಬಿದ್ದ ಅಯಸ್ಕಾಂತ ಶಕ್ತಿ ಕುಸಿದು, ಪಕ್ಕದಲ್ಲೇ ಸಾವಿರಾರು ಸುತ್ತು ಸುತ್ತಿದ ಸಣ್ಣ ತಂತಿಯಲ್ಲಿ ಭಾರೀ ವೋಲ್ಟೇಜ್ ಎದ್ದು ಬರುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಯಾವ ಸಿಲಿಂಡರಿನ ಸರದಿಯೋ ಆ ಸಿಲಿಂಡರಿನ ಪ್ಲಗ್ಗಿಗೆ ಕಳಿಸುತ್ತದೆ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್, ತೆರೆಯುವ ಹೊತ್ತಿಗೆ ಬಿಲ್ಲೆಗಳ ನಡುವೆಯೇ ಕಿಡಿ ಹಾರಿ ವ್ಯರ್ಥವಾಗದಂತೆ ತಡೆಯುತ್ತದೆ.

ಇದು ಎಷ್ಟು ಸಲ ನಡೆಯಬೇಕು? ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಬೇಡುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗಿದರೆ 3000 ಕಿಡಿ, ಗಂಟೆಗೆ 1 ಲಕ್ಷ 80 ಸಾವಿರ. ಎಂಟು ಗಂಟೆ ಉಳುಮೆ ಮಾಡಿದರೆ ಆ ಎರಡು ಬಿಲ್ಲೆಗಳು 14 ಲಕ್ಷಕ್ಕೂ ಹೆಚ್ಚು ಸಲ ತೆರೆದು ಮುಚ್ಚಿರುತ್ತವೆ. ನಡುವಿನ ಸಂದು ಹೆಚ್ಚೆಂದರೆ ಅರ್ಧ ಮಿಲಿಮೀಟರ್.

ಇಷ್ಟು ದುಡಿದ ವಸ್ತು ಸವೆಯದೆ ಇರುತ್ತದೆಯೇ? ಬಿಲ್ಲೆಗಳ ಮುಖ ಸುಟ್ಟು ಕಪ್ಪಾಗುತ್ತದೆ. ಒಂದರ ಮೇಲೆ ಗುಂಡಿ, ಇನ್ನೊಂದರ ಮೇಲೆ ಗುಬ್ಬಿ ಬೆಳೆಯುತ್ತದೆ. ಪಾಯಿಂಟನ್ನು ಎತ್ತುವ ಹಿಮ್ಮಡಿ ಸವೆದು ಸಂದು ಕಿರಿದಾಗುತ್ತದೆ, ಅದರೊಡನೆ ಟೈಮಿಂಗ್ ತಪ್ಪುತ್ತದೆ. ನಮ್ಮ ಸೀಮೆಯಲ್ಲಿ ಇದಕ್ಕೆ ಧೂಳೂ ಸೇರುತ್ತದೆ. ಬೇಸಿಗೆಯ ಎರೆ ಮಣ್ಣಿನ ಧೂಳು, ಶಹಾಬಾದ್ ಕಡೆಯ ಫರಸಿ ಗಣಿಗಳ ಧೂಳು, ವಾಡಿ ಸೇಡಂಗಳ ಸುಣ್ಣಕಲ್ಲಿನ ಧೂಳು ಡಿಸ್ಟ್ರಿಬ್ಯೂಟರಿನ ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗೆ ಹೋಗಿ ಬಿಲ್ಲೆಗಳ ನಡುವೆ ಕೂರುತ್ತದೆ. ಎಂಜಿನ್ ಮುಕ್ಕರಿಸುತ್ತದೆ, ಇಲ್ಲವೇ ಚಾಲೂ ಆಗುವುದೇ ಇಲ್ಲ.

ಮ್ಯಾಗ್ನೆಟೊದಿಂದ ಟ್ರಾನ್ಸಿಸ್ಟರ್‌ವರೆಗೆ

ಕಿಡಿಯ ಚರಿತ್ರೆಗೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ಜರ್ಮನಿಯ ರಾಬರ್ಟ್ ಬಾಷ್ 1887ರಲ್ಲಿ ಒಂದೆಡೆ ನಿಂತು ಕೆಲಸ ಮಾಡುವ ಎಂಜಿನ್ನುಗಳಿಗಾಗಿ ಮ್ಯಾಗ್ನೆಟೊ ಮಾಡಿಕೊಟ್ಟರು. 1902ರಲ್ಲಿ ಅವರ ಸಂಸ್ಥೆಯ ಎಂಜಿನಿಯರ್ ಗಾಟ್‌ಲೋಬ್ ಹೊನೊಲ್ಡ್ ಸ್ಪಾರ್ಕ್ ಪ್ಲಗ್ಗಿನೊಡನೆ ಕೆಲಸ ಮಾಡುವ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ರೂಪಿಸಿದರು. ಮ್ಯಾಗ್ನೆಟೊ ಎಂದರೆ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುವ ಸಾಧನ. ಅಯಸ್ಕಾಂತ ತಿರುಗಿದರೆ ಸಾಕು, ಬ್ಯಾಟರಿ ಬೇಕಿಲ್ಲ. ಹೊಲದ ನಡುವೆ ನಿಲ್ಲುವ ಟ್ರ್ಯಾಕ್ಟರಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಇರಲಿಲ್ಲ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟಿನ ವ್ಯವಸ್ಥೆ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಮುಂದಿನ ಅರವತ್ತು ವರ್ಷ ಜಗತ್ತಿನ ಬಹುಪಾಲು ಕಾರುಗಳು ಓಡಿದ್ದು ಅದರ ಮೇಲೆಯೇ.

ಬಾಷ್ ಸಂಸ್ಥೆಯ ಭಾರತದ ಶಾಖೆಯಾಗಿ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ನಾವೆಲ್ಲ ಮೈಕೊ ಎಂದು ಕರೆದ ಕಂಪನಿ ಅದೇ. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆ ಪೆಟ್ರೋಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್, ಡೀಸೆಲ್ ಎಂಜಿನ್ನಿಗೆ ಇಂಧನ ಪಂಪ್ ಮತ್ತು ನಾಝಲ್ ಎರಡನ್ನೂ ಕೊಟ್ಟಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಹಳೆಯ ಗ್ಯಾರೇಜುಗಳ ಬಾಯಲ್ಲಿ ಅದು ಇನ್ನೂ ಮೈಕೊ.

ಎಲೆಕ್ಟ್ರಾನಿಕ್ ಇಗ್ನಿಶನ್ನಿನ ಹಿಂದೆ ಎರಡು ಸಂಶೋಧನೆಗಳಿವೆ. 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ, ಕರೆಂಟ್ ಹರಿಯುವ ತಗಡಿನ ಬಳಿ ಅಯಸ್ಕಾಂತ ಹಿಡಿದರೆ ಅಡ್ಡಲಾಗಿ ಸಣ್ಣ ವೋಲ್ಟೇಜ್ ಮೂಡುತ್ತದೆ ಎಂದು ಕಂಡುಹಿಡಿದ. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಮೊದಲನೆಯದು ಕಣ್ಣಾಯಿತು, ಎರಡನೆಯದು ಕೈಯಾಯಿತು. ತಿರುಗುವ ಅಯಸ್ಕಾಂತವನ್ನು ಹಾಲ್ ಸೆನ್ಸರ್ ಮುಟ್ಟದೆಯೇ ಗುರುತಿಸುತ್ತದೆ, ಟ್ರಾನ್ಸಿಸ್ಟರ್ ಕಾಯಿಲಿನ ಕರೆಂಟನ್ನು ಕಡಿಯುತ್ತದೆ. ಲೋಹಕ್ಕೆ ಲೋಹ ತಾಗುವ ಪ್ರಮೇಯವಿಲ್ಲವಾದ್ದರಿಂದ ಸವೆಯುವ ಬಿಲ್ಲೆಯೂ ಇಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1973ರ ಹೊತ್ತಿಗೆ ಅಲ್ಲಿನ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಇಗ್ನಿಶನ್ ಅಳವಡಿಸಿತು. ಮುಂದೆ ಅದು ಬೈಕು, ಮೊಪೆಡ್ಡುಗಳಿಗೂ ಬಂತು. ಅಲ್ಲಿ ಅದರ ಹೆಸರು ಸಿಡಿಐ.

ನಮ್ಮ ತೊಗರಿ ಹೊಲಕ್ಕೂ ಅದು ಬಂದಿದೆ, ಬಂದದ್ದು ಮಾತ್ರ ಟ್ರ್ಯಾಕ್ಟರಿನ ಮೇಲೇರಿ ಅಲ್ಲ. ಕಾಯಿಕೊರಕ ಹುಳುವಿಗೆ ಔಷಧ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲ್ ಸ್ಪ್ರೇಯರಿನ ಪುಟ್ಟ ಎಂಜಿನ್ ನೋಡಿ. ಈಗಿನ ಅನೇಕ ಸ್ಪ್ರೇಯರುಗಳಲ್ಲಿ ಪಾಯಿಂಟ್ ಇಲ್ಲ, ಮುಚ್ಚಿದ ಎಲೆಕ್ಟ್ರಾನಿಕ್ ಕಾಯಿಲ್ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಯನ್ನು ಹುಳುವಿನಿಂದ ಕಾಯುವ ಕೆಲಸದಲ್ಲಿ ಈ ಕಿಡಿಗೂ ಪಾಲಿದೆ.

ಮಾಡುವ ಮುನ್ನ ನೋಡಬೇಕಾದದ್ದು

ಈಗ ಕೆಲಸಕ್ಕೆ ಬರೋಣ. ಟಿಇ 20ರಂಥ ಬ್ಯಾಟರಿ-ಕಾಯಿಲ್ ಟ್ರ್ಯಾಕ್ಟರಿನಲ್ಲಿ ಬದಲಾವಣೆ ಸುಲಭ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟ್ ಮತ್ತು ಕಂಡೆನ್ಸರ್ ಬಿಚ್ಚಿ, ಅದೇ ತಟ್ಟೆಯ ಮೇಲೆ ಸೆನ್ಸರ್ ಕೂರಿಸಬೇಕು. ತಿರುಗುವ ದಂಡಕ್ಕೆ ಅಯಸ್ಕಾಂತದ ಬಳೆ ತೊಡಿಸಬೇಕು. ಎರಡು ತಂತಿಗಳನ್ನು ಕಾಯಿಲಿಗೆ ಸೇರಿಸಬೇಕು. ರೋಟರ್, ಮುಚ್ಚಳ, ಪ್ಲಗ್ ತಂತಿ ಹಳೆಯವೇ ಇರುತ್ತವೆ. ಆದರೆ ಐದು ವಿಷಯ ಗಮನದಲ್ಲಿರಲಿ.

ಮೊದಲನೆಯದು, ಬ್ಯಾಟರಿಯ ಯಾವ ತುದಿ ಟ್ರ್ಯಾಕ್ಟರಿನ ಮೈಗೆ, ಅಂದರೆ ಅರ್ತಿಂಗಿಗೆ, ಸೇರಿದೆ ಎಂದು ನೋಡಿ. ಈಗಿನ ವಾಹನಗಳಲ್ಲಿ ನೆಗೆಟಿವ್. ಆ ಕಾಲದ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಪಾಸಿಟಿವ್. ಪಾಯಿಂಟಿಗೆ ಯಾವುದಾದರೂ ನಡೆಯುತ್ತಿತ್ತು. ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ತಿರುವುಮುರುವಾದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ನಡುವೆ ಯಾರಾದರೂ ಬ್ಯಾಟರಿಯನ್ನು ತಿರುಗಿಸಿ ಜೋಡಿಸಿರಲೂಬಹುದು. ಆದ್ದರಿಂದ ಪುಸ್ತಕವನ್ನು ನಂಬದೆ ಕಣ್ಣಿನಿಂದ ನೋಡಿ. ವೋಲ್ಟೇಜ್ 6 ಇದೆಯೋ 12 ಇದೆಯೋ, ಅದನ್ನೂ ನೋಡಿ.

ಎರಡನೆಯದು, ಕಾಯಿಲ್. ಅದರ ಪ್ರತಿರೋಧ ತೀರ ಕಡಿಮೆಯಿದ್ದರೆ ಹೆಚ್ಚು ಕರೆಂಟ್ ಹರಿದು ಮಾಡ್ಯೂಲ್ ಬಿಸಿಯಾಗುತ್ತದೆ. ಕಿಟ್ಟಿನವರು ಹೇಳಿದ ಓಮ್ ಎಷ್ಟು, ನಿಮ್ಮ ಕಾಯಿಲಿನದು ಎಷ್ಟು ಎಂದು ಮೀಟರ್ ಹಿಡಿದು ಅಳೆಯಬೇಕು. ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿ ಬಿಟ್ಟು ಚಹಾ ಕುಡಿಯಲು ಹೋಗುವ ರೂಢಿಯೂ ಒಳ್ಳೆಯದಲ್ಲ.

ಮೂರನೆಯದು, ಬ್ಯಾಟರಿಯ ಬಲ. ಸೆಲ್ಫ್ ಹೊಡೆದಾಗ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಒಂದು ಮಿತಿಗಿಂತ ಕೆಳಗಿಳಿದರೆ ಮಾಡ್ಯೂಲ್ ಕೆಲಸ ಮಾಡುವುದಿಲ್ಲ. ಪಾಯಿಂಟ್ ಅಂಥ ಹೊತ್ತಿನಲ್ಲೂ ಬಡಕಲು ಕಿಡಿಯೊಂದನ್ನು ಕೊಡುತ್ತಿತ್ತು. ಹ್ಯಾಂಡಲ್ ಹೊಡೆದು ಚಾಲೂ ಮಾಡುವವರು ಹಾಲ್ ಸೆನ್ಸರಿನ ಕಿಟ್ಟನ್ನೇ ಆರಿಸಬೇಕು. ಅಯಸ್ಕಾಂತ ನಿಧಾನವಾಗಿ ಹಾದುಹೋದರೂ ಹಾಲ್ ಸೆನ್ಸರ್ ಗುರುತಿಸುತ್ತದೆ. ಸುರುಳಿ ತಂತಿಯ ಪಿಕ್‌ಅಪ್ಪಿಗೆ ವೇಗ ಬೇಕು.

ನಾಲ್ಕನೆಯದು, ಹಳೆಯ ಡಿಸ್ಟ್ರಿಬ್ಯೂಟರಿನ ಆರೋಗ್ಯ. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತವಾಗಿ ಕೊಡಿಸುವ ಸಣ್ಣ ತೂಕಗಳು ಮತ್ತು ಸ್ಪ್ರಿಂಗುಗಳು ತಟ್ಟೆಯ ಕೆಳಗಿರುತ್ತವೆ. ಅವು ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಮೇಲೆ ಎಷ್ಟು ಬೆಲೆಯ ಎಲೆಕ್ಟ್ರಾನಿಕ್ಸ್ ಹಾಕಿದರೂ ವ್ಯರ್ಥ. ಮೊದಲು ಅವನ್ನು ತೊಳೆದು ಸಡಿಲ ಮಾಡಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯ, ಟೈಮಿಂಗ್. ಪಾಯಿಂಟ್ ಬದಲಾದ ಮೇಲೆ ಕಿಡಿಯ ಹೊತ್ತು ಅಷ್ಟಿಷ್ಟು ಸರಿಯುತ್ತದೆ, ಮತ್ತೆ ಹೊಂದಿಸಲೇಬೇಕು. ಪಿಸ್ಟನ್ ಮೇಲಕ್ಕೆ ಬರುವ ಮೊದಲೇ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಸೆಲ್ಫ್ ಹೊಡೆಯುವವರಿಗೆ ಅದು ಒಂದು ಸದ್ದು. ಹ್ಯಾಂಡಲ್ ಹಿಡಿದವನಿಗೆ ಮುರಿದ ಮಣಿಕಟ್ಟು. ಅದಕ್ಕೇ ಹಳಬರು ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲೇ ಇಟ್ಟು, ಹ್ಯಾಂಡಲನ್ನು ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಲು ಕಲಿಸುತ್ತಿದ್ದರು. ಎಲೆಕ್ಟ್ರಾನಿಕ್ ಹಾಕಿದ ಮಾತ್ರಕ್ಕೆ ಆ ಪಾಠವನ್ನು ಮರೆಯುವಂತಿಲ್ಲ.

ಮ್ಯಾಗ್ನೆಟೊ ಇರುವ ಟ್ರ್ಯಾಕ್ಟರಿನಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಬೇಕು. ಅನೇಕ ಟ್ರ್ಯಾಕ್ಟರ್ ಮ್ಯಾಗ್ನೆಟೊಗಳಲ್ಲಿ ಇಂಪಲ್ಸ್ ಕಪ್ಲಿಂಗ್ ಎಂಬ ಒಂದು ಜಾಣ ವ್ಯವಸ್ಥೆ ಇದೆ. ಹ್ಯಾಂಡಲ್ ತಿರುಗಿಸುವಾಗ ಟಕ್ ಟಕ್ ಎಂದು ಸದ್ದು ಮಾಡುವುದು ಅದೇ. ಅದು ಮ್ಯಾಗ್ನೆಟೊವನ್ನು ಒಂದು ಕ್ಷಣ ತಡೆದು, ಪಿಸ್ಟನ್ ಮೇಲೆ ಬಂದ ಮೇಲೆ ಸ್ಪ್ರಿಂಗಿನ ಬಲದಿಂದ ಜೋರಾಗಿ ತಿರುಗಿಸುತ್ತದೆ. ಹೀಗೆ ನಿಧಾನ ತಿರುಗಿಸಿದರೂ ಬಲವಾದ ಕಿಡಿ ಸಿಗುತ್ತದೆ, ಅದೂ ತಡವಾಗಿ ಮತ್ತು ಸುರಕ್ಷಿತವಾಗಿ. ಮ್ಯಾಗ್ನೆಟೊ ತೆಗೆದು ಬೇರೆ ವ್ಯವಸ್ಥೆ ಕೂರಿಸುವವರು, ಚಾಲೂ ಮಾಡುವಾಗ ಕಿಡಿಯನ್ನು ತಡ ಮಾಡುವ ಈ ಗುಣ ಹೊಸದರಲ್ಲೂ ಇದೆಯೇ ಎಂದು ಮೊದಲು ಕೇಳಬೇಕು. ಇಲ್ಲ ಎಂದಾದರೆ ಆ ಕೆಲಸ ಬೇಡ. ಅಲ್ಲದೆ, ಬ್ಯಾಟರಿಯ ಹಂಗಿಲ್ಲದೆ ಓಡುತ್ತಿದ್ದ ಯಂತ್ರಕ್ಕೆ ಅಂದಿನಿಂದ ಬ್ಯಾಟರಿಯೇ ಯಜಮಾನ. ನನ್ನನ್ನು ಕೇಳಿದರೆ, ಸುಸ್ಥಿತಿಯಲ್ಲಿರುವ ಮ್ಯಾಗ್ನೆಟೊವನ್ನು ತೆಗೆಯಬಾರದು.

ಬಂದದ್ದೇನು, ಹೋದದ್ದೇನು

ಲಾಭದ ಮಾತು. ಕಿಡಿ ಒಂದೇ ಸಮನಾಗಿರುತ್ತದೆ, ಸಂದು ಸರಿಪಡಿಸುವ ಗೋಜಿಲ್ಲ, ಧೂಳಿನ ಕಾಟ ಕಡಿಮೆ, ಡಿಸ್ಟ್ರಿಬ್ಯೂಟರಿನ ದಂಡ ಸ್ವಲ್ಪ ಅಲುಗಾಡುತ್ತಿದ್ದರೂ ಟೈಮಿಂಗ್ ಅಷ್ಟಾಗಿ ಕೆಡದು. ವರ್ಷಕ್ಕೆ ಒಂದೆರಡು ಸಲ ಮಾತ್ರ ಟ್ರ್ಯಾಕ್ಟರ್ ಹೊರತೆಗೆಯುವವರಿಗೆ ಇದು ದೊಡ್ಡ ಸಮಾಧಾನ. ಆದರೆ ಎಂಜಿನ್ನಿನ ಬಲ ಹೆಚ್ಚುತ್ತದೆ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಪಾಯಿಂಟ್ ಚೆನ್ನಾಗಿದ್ದು ಟೈಮಿಂಗ್ ಸರಿಯಿದ್ದ ಟ್ರ್ಯಾಕ್ಟರಿನಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಬದಲಾಯಿಸುವಾಗ ಹೊಸ ಪ್ಲಗ್ ಹಾಕಿ ಟೈಮಿಂಗ್ ಹೊಂದಿಸಿರುತ್ತಾರಲ್ಲ, ಅದರ ಕೀರ್ತಿ ಎಷ್ಟೋ ಸಲ ಎಲೆಕ್ಟ್ರಾನಿಕ್ಸಿಗೆ ಸಲ್ಲುತ್ತದೆ.

ನಷ್ಟದ ಮಾತು ಬೇರೆ. ಪಾಯಿಂಟ್ ಕೆಟ್ಟರೆ ಅದು ಮೊದಲೇ ಸೂಚನೆ ಕೊಡುತ್ತದೆ. ಎಂಜಿನ್ ಮುಕ್ಕರಿಸುತ್ತದೆ, ಚಾಲೂ ಆಗಲು ತಡ ಮಾಡುತ್ತದೆ. ಮುಚ್ಚಳ ತೆಗೆದರೆ ರೋಗ ಕಣ್ಣಿಗೆ ಕಾಣುತ್ತದೆ. ಒಂದು ಸ್ಕ್ರೂ ಡ್ರೈವರ್, ಒಂದು ಚೂರು ಸ್ಯಾಂಡ್ ಪೇಪರ್, ಸಂದು ಅಳೆಯಲು ಫೀಲರ್ ಗೇಜ್ ಇದ್ದರೆ ಬೇವಿನ ಮರದ ನೆರಳಲ್ಲಿ ಕೂತು ಸರಿ ಮಾಡಬಹುದು. ಮಾಡ್ಯೂಲ್ ಹಾಗಲ್ಲ. ವರ್ಷಗಟ್ಟಲೆ ತುಟಿ ಪಿಟಕ್ಕೆನ್ನದೆ ದುಡಿದು ಒಂದು ದಿನ ಒಮ್ಮೆಲೇ ನಿಂತುಬಿಡುತ್ತದೆ. ಕಪ್ಪು ರಾಳದಲ್ಲಿ ಮುಚ್ಚಿದ ಅದರ ಒಳಗೆ ಯಾರೂ ಕೈ ಹಾಕಲಾರರು. ಹೊಸದು ತರಬೇಕು. ಅದನ್ನು ಮಾಡುವ ಕಂಪನಿ ಅಷ್ಟು ಹೊತ್ತಿಗೆ ಬಾಗಿಲು ಹಾಕಿದ್ದರೆ? 70 ವರ್ಷದ ಹಿಂದಿನ ಯಂತ್ರ, ಐದು ವರ್ಷದ ಹಿಂದಿನ ಬಿಡಿಭಾಗ ಸಿಗದೆ ನಿಲ್ಲಬೇಕಾಗುತ್ತದೆ.

ಆದ್ದರಿಂದ ಬದಲಾಯಿಸುವವರಿಗೆ ನನ್ನದೊಂದು ವಿನಂತಿ. ಮತ್ತೆ ಹಿಂದಕ್ಕೆ ಹೋಗಲು ಬರುವ ಹಾಗೆ ಬದಲಾಯಿಸಿ. ಹೊಸ ರಂಧ್ರ ಕೊರೆಯಬೇಡಿ, ತಟ್ಟೆ ಕತ್ತರಿಸಬೇಡಿ. ತೆಗೆದ ಪಾಯಿಂಟ್, ಕಂಡೆನ್ಸರ್, ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲೇ ಇಡಿ. ಸಂದು ಎಷ್ಟಿತ್ತು, ಟೈಮಿಂಗ್ ಗುರುತು ಎಲ್ಲಿತ್ತು, ಯಾವ ತಂತಿ ಎಲ್ಲಿಗೆ ಹೋಗುತ್ತಿತ್ತು ಎಂದು ಒಂದು ಕಾಗದದಲ್ಲಿ ಕನ್ನಡದಲ್ಲೇ ಬರೆದಿಡಿ. ಮಾಡ್ಯೂಲ್ ಕೈಕೊಟ್ಟ ದಿನ ಆ ಡಬ್ಬಿ ನಿಮ್ಮನ್ನು ಮನೆ ಮುಟ್ಟಿಸುತ್ತದೆ.

ಡೀಸೆಲ್ ಟ್ರ್ಯಾಕ್ಟರಿನವರಿಗೂ ಸಂಬಂಧಿಸಿದ್ದು

'ನಮ್ಮ ಹತ್ತಿರ ಚಿಮಣಿ ಎಣ್ಣೆಯ ಟ್ರ್ಯಾಕ್ಟರೇ ಇಲ್ಲ, ನಮಗೇಕೆ ಈ ಮಾತು' ಎಂದು ಯಾರಾದರೂ ಕೇಳಬಹುದು. ಕಾರಣವಿದೆ.

ಇದುವರೆಗಿನ ಸಾಮಾನ್ಯ ಡೀಸೆಲ್ ಟ್ರ್ಯಾಕ್ಟರ್ ಮೂಲತಃ ಪಾಯಿಂಟಿನ ಕಾಲದ ಯಂತ್ರದ ಹಾಗೆಯೇ ಇತ್ತು. ಅದರ ಇಂಧನ ಪಂಪ್ ಗೇರು, ಸ್ಪ್ರಿಂಗ್, ಪ್ಲಂಜರುಗಳಿಂದ ಕೆಲಸ ಮಾಡುತ್ತಿತ್ತು. ಪಂಪ್ ರಿಪೇರಿ ಮಾಡುವವರು ತಾಲೂಕು ಊರುಗಳಲ್ಲೇ ಸಿಗುತ್ತಿದ್ದರು. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಎಂಬ ಹೊಗೆ ನಿಯಮ ಬಂದಿದೆ. ಆ ನಿಯಮ ಪಾಲಿಸಲು ತಯಾರಕರು ಕಾಮನ್ ರೈಲ್ ವ್ಯವಸ್ಥೆ ತಂದಿದ್ದಾರೆ. ಯಾವಾಗ, ಎಷ್ಟು ಡೀಸೆಲ್ ಸಿಂಪಡಿಸಬೇಕು ಎಂದು ತೀರ್ಮಾನಿಸುವುದು ಅಲ್ಲಿ ಒಂದು ಕಂಪ್ಯೂಟರ್. ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ಹೊಲದಲ್ಲಿ ದುಡಿಯುವವರ ಪುಪ್ಪುಸಕ್ಕೂ ಅದು ಬೇಕು. ಆದರೆ ಪೆಟ್ರೋಲ್ ಎಂಜಿನ್ನಿಗೆ ಐವತ್ತು ವರ್ಷದ ಹಿಂದೆ ಬಂದ ಪ್ರಶ್ನೆ ಈಗ ಡೀಸೆಲ್ ಟ್ರ್ಯಾಕ್ಟರಿಗೂ ಬಂದಿದೆ. ಕೆಟ್ಟಾಗ ತೆರೆದು ನೋಡುವವರು ಯಾರು? ದೋಷ ಓದುವ ಉಪಕರಣ ಯಾರ ಕೈಯಲ್ಲಿರುತ್ತದೆ?

ಅಮೆರಿಕದಲ್ಲಿ ರೈತರು ಇದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಹೋರಾಡಿದರು. ತಮ್ಮ ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳಲು ಬೇಕಾದ ಮಾಹಿತಿ, ಉಪಕರಣಗಳನ್ನು ಕಂಪನಿಗಳು ಕೊಡಬೇಕೆಂಬುದು ಅವರ ಬೇಡಿಕೆ. 2023ರಲ್ಲಿ ಕೊಲರಾಡೊ ರಾಜ್ಯ ಕೃಷಿ ಯಂತ್ರಗಳಿಗಾಗಿಯೇ ಅಂಥ ಕಾಯ್ದೆ ಮಾಡಿತು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಅದು ಮೊದಲಿಗೆ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆ ವರ್ಷದ ಡಿಸೆಂಬರಿನಲ್ಲಿ ಇದಕ್ಕಾಗಿ ಒಂದು ಜಾಲತಾಣವೂ ಆರಂಭವಾಯಿತು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು. ಕೇಳುವವರಿಗೆ ಯಂತ್ರದ ಒಳಗೇನಿದೆ ಎಂಬ ಅರಿವೂ ಇರಬೇಕು.

ಇಲ್ಲಿರುವ ಐಟಿಐ ತಮ್ಮಂದಿರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಮುಂದೆ ನಿಮ್ಮ ಕೈಗೆ ಬರುವುದು ಸೆನ್ಸರು, ಮಾಡ್ಯೂಲು, ಕಂಪ್ಯೂಟರಿನ ಯಂತ್ರಗಳೇ. ಅವನ್ನು ಕಲಿಯಲೇಬೇಕು. ಆದರೆ ಕಿಡಿ ಎಂದರೇನು, ಟೈಮಿಂಗ್ ಎಂದರೇನು ಎಂದು ಕಲಿಯಲು ಹಳೆಯ ಪಾಯಿಂಟಿನಷ್ಟು ಒಳ್ಳೆಯ ಗುರು ಇಲ್ಲ. ಅಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮುಚ್ಚಳ ತೆಗೆದು, ಕೈಯಿಂದ ಎಂಜಿನ್ ತಿರುಗಿಸಿ, ಬಿಲ್ಲೆಗಳು ಬಿಡುವ ಕ್ಷಣವನ್ನು ಒಮ್ಮೆ ನೋಡಿದವನಿಗೆ, ಕಂಪ್ಯೂಟರ್ ತೋರಿಸುವ ಅಂಕಿಯ ಅರ್ಥ ತಾನಾಗಿ ಹೊಳೆಯುತ್ತದೆ.

ನಿಮ್ಮ ಓಣಿಯಲ್ಲಿ, ನೆಂಟರ ಊರಿನಲ್ಲಿ ಹಳೆಯ ಪೆಟ್ರೋಲ್ ಟ್ರ್ಯಾಕ್ಟರೋ, ಜೀಪೋ, ಯೆಜ್ಡಿಯೋ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಅದರ ಡಿಸ್ಟ್ರಿಬ್ಯೂಟರಿನ ಅಥವಾ ಪಾಯಿಂಟಿನ ಮುಚ್ಚಳ ತೆಗೆದು ನೋಡಿ. ಎಷ್ಟೋ ಸಲ ಒಂದು ಚೂರು ಸ್ಯಾಂಡ್ ಪೇಪರಿನಿಂದ ಕೆಲಸವಾಗುತ್ತದೆ. ಆಗದಿದ್ದರೆ ಎಲೆಕ್ಟ್ರಾನಿಕ್ ಕಿಟ್ ಇದ್ದೇ ಇದೆ, ಹಾಕಿಸಿ. ಹಳೆಯ ಪಾಯಿಂಟಿನ ಡಬ್ಬಿಯನ್ನು ಮಾತ್ರ ಎಸೆಯಬೇಡಿ.